ದೋಣಿಯ ಹೊದಿಕೆಗೊಂದು ಋತುಚರ್ಯೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರಕ್ಕೂ ಮೆಕ್ಸಿಕೋ ಕೊಲ್ಲಿಗೂ ನಡುವೆ ಹೆಬ್ಬೆರಳಿನಂತೆ ಚಾಚಿಕೊಂಡಿರುವ ಭೂಭಾಗವೇ ಫ್ಲಾರಿಡ. ಅಲ್ಲಿ ನೋಂದಣಿಯಾಗಿರುವ ದೋಣಿಗಳು ಸುಮಾರು 10 ಲಕ್ಷ. ಆ ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟು ದೋಣಿಗಳಿಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ಮನೆಯ ಮುಂದೆ ಗಾಡಿ ನಿಂತಿರುತ್ತಿದ್ದಂತೆ ಅಲ್ಲಿ ಕಾಲುವೆಯ ದಡದ ಮನೆಗಳ ಹಿಂದೆ ದೋಣಿ ನಿಂತಿರುತ್ತದೆ. ಆದರೆ ಅನೇಕ ಕಡೆಗಳಲ್ಲಿ ಅದು ನೀರಿನ ಮೇಲೆ ತೇಲುತ್ತಿರುವುದಿಲ್ಲ. ನೀರಿನಲ್ಲಿ ನೆಟ್ಟ ನಾಲ್ಕು ಕಂಬಗಳು, ಅವುಗಳ ಮೇಲೆ ತೊಲೆಗಳು, ತೊಲೆಗಳಿಂದ ಇಳಿಬಿಟ್ಟ ತಂತಿಹಗ್ಗಗಳು, ಹಗ್ಗಗಳಿಗೆ ಕಟ್ಟಿದ ತೊಟ್ಟಿಲಿನಂತಹ ಚೌಕಟ್ಟು: ವಿದ್ಯುತ್ ಮೋಟಾರು ತಿರುಗಿತೆಂದರೆ ತೊಟ್ಟಿಲು ಮೇಲೇಳುತ್ತದೆ, ದೋಣಿ ನೀರಿನಿಂದ ಹೊರಬಂದು ಗಾಳಿಯಲ್ಲಿ ನಿಲ್ಲುತ್ತದೆ. ಇದಕ್ಕೆ ಬೋಟ್ ಲಿಫ್ಟ್ ಎಂದು ಹೆಸರು.

ತೇಲುವುದಕ್ಕೆಂದೇ ಹುಟ್ಟಿದ ವಸ್ತುವನ್ನು ನೀರಿನಿಂದ ಎತ್ತಿಡುವುದೇಕೆ? ಬೆಚ್ಚಗಿನ ಉಪ್ಪುನೀರಿನಲ್ಲಿ ಬಾರ್ನಕಲ್ ಎಂಬ ಜೀವಿಗಳು ಕೆಲವೇ ವಾರಗಳಲ್ಲಿ ದೋಣಿಯ ತಳಕ್ಕೆ ಕಚ್ಚಿಕೊಂಡು ಬೆಳೆಯುತ್ತವೆ. ನೋಡುವುದಕ್ಕೆ ಚಿಪ್ಪಿನಂತಿದ್ದರೂ ಇವು ಚಿಪ್ಪುಮೀನಿನ ಜಾತಿಯವಲ್ಲ, ಸೀಗಡಿ ಏಡಿಗಳ ಬಂಧುಗಳು. ಒಮ್ಮೆ ಅಂಟಿದರೆ ಕೆರೆದಲ್ಲದೆ ಬಿಡುವುದಿಲ್ಲ. ತಳ ಒರಟಾದ ದೋಣಿಗೆ ವೇಗ ಕಡಿಮೆ, ಇಂಧನದ ಖರ್ಚು ಹೆಚ್ಚು. ಆದುದರಿಂದ ದೋಣಿಯನ್ನು ಎತ್ತಿಡುತ್ತಾರೆ. ಹಾಗೆ ಎತ್ತಿದೊಡನೆ ನೀರಿನ ಶತ್ರುಗಳು ತಪ್ಪಿದರೂ ಆಕಾಶದ ಶತ್ರುಗಳು ಎದುರಾಗುತ್ತವೆ. ಅವುಗಳನ್ನು ತಡೆಯಲು ಲಿಫ್ಟಿನ ಮೇಲೆ ಅಲ್ಯೂಮಿನಿಯಂ ಕೊಳವೆಗಳ ಚಪ್ಪರ ಕಟ್ಟಿ, ಬಟ್ಟೆಯ ಹೊದಿಕೆಯನ್ನು ಬಿಗಿಯುತ್ತಾರೆ. ದೋಣಿಗೆ ಬೀಳಬೇಕಾದ ಪೆಟ್ಟನ್ನೆಲ್ಲ ಈ ಬಟ್ಟೆ ತಾನು ತಿನ್ನುತ್ತದೆ. ಅದು ಸವೆಯುವುದಕ್ಕಾಗಿಯೇ ಇರುವ ವಸ್ತು. ಎಷ್ಟು ನಿಧಾನವಾಗಿ ಸವೆಯುವಂತೆ ಮಾಡಬಹುದು, ಯಾವ ಕಾಲದಲ್ಲಿ ಅದನ್ನು ಬಿಚ್ಚಿಡಲೇಬೇಕು ಎಂಬುದೇ ಇಲ್ಲಿಯ ವಿಚಾರ.

ಈ ಬಟ್ಟೆ ಸಾಮಾನ್ಯವಾಗಿ ಎರಡು ವಸ್ತುಗಳ ಜೋಡಣೆ. ಒಳಗೆ ಪಾಲಿಯೆಸ್ಟರ್ ನೂಲಿನ ಜಾಲ. ಹೊರಗೆ ಎರಡೂ ಕಡೆ ಪಾಲಿವೈನಿಲ್ ಕ್ಲೋರೈಡಿನ ಲೇಪ. ಪಾಲಿಯೆಸ್ಟರ್ ನೂಲನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದರು. ಟೆರಿಲೀನ್ ಎಂಬ ಹೆಸರಿನಲ್ಲಿ ಅದು ನಮ್ಮ ಹಿರಿಯರ ಅಂಗಿಗಳಿಗೂ ಬಂದಿತ್ತು. ಎಳೆತವನ್ನು ತಡೆಯುವುದು ಈ ನೂಲು, ನೀರನ್ನು ತಡೆಯುವುದು ಲೇಪ. ಲೇಪದ ಕಥೆ ಇನ್ನೂ ಸ್ವಾರಸ್ಯವಾದುದು. 1872ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಜೆನ್ ಬೌಮನ್ ವೈನಿಲ್ ಕ್ಲೋರೈಡ್ ತುಂಬಿದ ಗಾಜಿನ ನಳಿಗೆಯನ್ನು ಬಿಸಿಲಿನಲ್ಲಿಟ್ಟಿದ್ದಾಗ ಒಳಗೆ ಬಿಳಿಯ ಘನವಸ್ತುವೊಂದು ಕಾಣಿಸಿಕೊಂಡಿತು. ಅದು ಗಡುಸಾದ, ಆ ಕಾಲಕ್ಕೆ ನಿರುಪಯುಕ್ತವಾದ ಪದಾರ್ಥ. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಅದಕ್ಕೆ ಎಣ್ಣೆಯಂತಹ ಕೆಲವು ದ್ರವಗಳನ್ನು ಬೆರಸಿ ಮೃದುವಾಗಿಸುವ ಉಪಾಯವನ್ನು ಕಂಡುಕೊಂಡನು. ಈ ದ್ರವಗಳನ್ನು ಮೃದುಕಾರಿಗಳೆನ್ನೋಣ. ಬಿಸಿಲಿನಲ್ಲಿ ಹುಟ್ಟಿದ ಈ ವಸ್ತುವಿಗೆ ಕೊನೆಗೆ ಬಿಸಿಲೇ ಮೃತ್ಯುವಾಗುವುದು ವಿಚಿತ್ರವಲ್ಲವೆ?

ಬಿಸಿಲೆಂದೊಡನೆ ನಮಗೆ ಶಾಖದ ನೆನಪಾಗುತ್ತದೆ. ಆದರೆ ಬಟ್ಟೆಯನ್ನು ಮೊದಲು ಕೆಡಿಸುವುದು ಶಾಖವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಬೆಳಕು ಫೋಟಾನುಗಳೆಂಬ ಶಕ್ತಿಯ ಕಣಗಳಾಗಿ ಬರುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ತರಂಗಾಂತರ ಕಡಿಮೆಯಾದಷ್ಟೂ ಪ್ರತಿ ಕಣದ ಶಕ್ತಿ ಹೆಚ್ಚು. 1000 ನ್ಯಾನೊಮೀಟರ್ ತರಂಗಾಂತರದ ಶಾಖಕಿರಣದಲ್ಲಿ ಒಂದು ಮೋಲ್ ಫೋಟಾನುಗಳ ಶಕ್ತಿ ಸುಮಾರು 120 ಕಿಲೋಜೂಲ್. 300 ನ್ಯಾನೊಮೀಟರಿನ ಅತಿನೇರಳೆ ಕಿರಣದಲ್ಲಿ ಸುಮಾರು 400 ಕಿಲೋಜೂಲ್. ಇತ್ತ ಇಂಗಾಲದ ಎರಡು ಪರಮಾಣುಗಳ ನಡುವಣ ಬಂಧವನ್ನು ಮುರಿಯಲು ಬೇಕಾದುದು ಮೋಲಿಗೆ ಸುಮಾರು 350 ಕಿಲೋಜೂಲ್. ಇಂಗಾಲ-ಕ್ಲೋರಿನ್ ಬಂಧಕ್ಕೆ ಇನ್ನೂ ತುಸು ಕಡಿಮೆ ಸಾಕು. ಶಾಖಕಿರಣದ ಕಣಗಳು ಎಷ್ಟು ಬಂದು ಬಡಿದರೂ ಬಂಧವನ್ನು ಅಲುಗಿಸಬಲ್ಲುವೇ ಹೊರತು ಕಡಿಯಲಾರವು. ಅತಿನೇರಳೆಯ ಒಂದೇ ಕಣ ಕಡಿಯಬಲ್ಲುದು.

ಒಂದು ಬಂಧ ಕಡಿದರೆ ಅಲ್ಲಿಗೇ ನಿಲ್ಲುವುದಿಲ್ಲ. ಪಾಲಿವೈನಿಲ್ ಕ್ಲೋರೈಡಿನ ಸರಪಳಿಯಿಂದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಅಣು ಕಳಚಿಕೊಂಡರೆ ಪಕ್ಕದ ಕೊಂಡಿ ದುರ್ಬಲವಾಗಿ ಅಲ್ಲಿಂದಲೂ ಒಂದು ಅಣು ಕಳಚುತ್ತದೆ. ಹೊಲಿಗೆ ಬಿಟ್ಟಂತೆ ಸಾಲಾಗಿ ಬಿಡುತ್ತ ಹೋಗುತ್ತದೆ. ಬಿಳಿಯ ಹೊದಿಕೆ ಹಳದಿಗಟ್ಟಿ ಕಂದಾಗುವುದು ಇದರಿಂದಲೇ. ಶಾಖದ ಪಾತ್ರ ಇಲ್ಲಿ ಬರುತ್ತದೆ: ಆರಂಭವಾದ ಕ್ರಿಯೆಯ ವೇಗವನ್ನು ಅದು ಹೆಚ್ಚಿಸುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಮೆ ಎರಡರಷ್ಟಾಗುವುದೆಂಬ ಸ್ಥೂಲ ನಿಯಮ ಇದಕ್ಕೂ ಅನ್ವಯಿಸುತ್ತದೆ. ಇದಲ್ಲದೆ ಶಾಖದಿಂದ ಮೃದುಕಾರಿಗಳು ಮೆಲ್ಲಮೆಲ್ಲನೆ ಹೊರಬಂದು ಹಾರಿಹೋಗುತ್ತವೆ. ಬಟ್ಟೆ ಮತ್ತೆ ಗಡುಸಾಗಿ ಮಡಿಕೆಗಳಲ್ಲಿ ಬಿರಿಯುತ್ತದೆ. ಕೊಳವೆಗೆ ತಗಲಿದ ಗೆರೆಗಳಲ್ಲಿ ಕಾದ ಲೋಹದ ಬಿಸಿಯೂ ಗಾಳಿಯ ಉಜ್ಜಾಟವೂ ಸೇರುವುದರಿಂದ ಅಲ್ಲಿ ಬಟ್ಟೆ ಬೇಗ ಹರಿಯುತ್ತದೆ. ಅಂತಹ ಕಡೆ ಮೆತ್ತನೆಯ ಪಟ್ಟಿ ಸುತ್ತುವುದು ಸಣ್ಣ ಕೆಲಸ, ದೊಡ್ಡ ಉಳಿತಾಯ.

ತಯಾರಕರು ಲೇಪದಲ್ಲಿ ಟೈಟಾನಿಯಂ ಡೈಆಕ್ಸೈಡನ್ನೂ ಅತಿನೇರಳೆಯನ್ನು ಹೀರುವ ರಾಸಾಯನಿಕಗಳನ್ನೂ ಬೆರಸಿರುತ್ತಾರೆ. ಆದರೆ ಹೊದಿಕೆಯ ಒಂದು ಭಾಗಕ್ಕೆ ಈ ಕವಚದ ನೆರಳಿಲ್ಲ. ಅದು ಹೊಲಿಗೆಯ ದಾರ. ಬಟ್ಟೆಯೊಳಗಿನ ನೂಲು ಲೇಪದ ಅಡಿಯಲ್ಲಿ ಅಡಗಿರುತ್ತದೆ. ದಾರವಾದರೋ ಮೇಲೆಯೇ ಮಲಗಿರುತ್ತದೆ. ಬಟ್ಟೆ ಇನ್ನೂ ಗಟ್ಟಿಯಾಗಿದ್ದಾಗಲೇ ದಾರ ಉಗುರಿಗೆ ಸಿಕ್ಕಿ ಪುಡಿಯಾಗುವುದುಂಟು. ಹೊದಿಕೆಯನ್ನು ಪರೀಕ್ಷಿಸುವವನು ಮೊದಲು ನೋಡಬೇಕಾದುದು ಹೊಲಿಗೆಯನ್ನು, ಅದರಲ್ಲಿಯೂ ದಕ್ಷಿಣಕ್ಕೆ ಮುಖಮಾಡಿದ ಹೊಲಿಗೆಯನ್ನು. ಮಯಾಮಿ ನಗರ ಸುಮಾರು 25.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿರುವುದರಿಂದ ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. (13 ಡಿಗ್ರಿಯ ಸಮೀಪವಿರುವ ಮಂಗಳೂರಿನಲ್ಲಿ ಹಾಗಲ್ಲ, ಬೇಸಗೆಯ ಕೊನೆಯಿಂದ ಮಳೆಗಾಲದ ನಡುವಿನವರೆಗೆ ನಮ್ಮ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ.) ಹೀಗಾಗಿ ಅಲ್ಲಿ ಒಂದೇ ಹೊದಿಕೆಯ ದಕ್ಷಿಣದ ಇಳಿಜಾರು ಮಾಸಿ ಬಿರಿಯುತ್ತಿರುವಾಗ ಉತ್ತರದ ಇಳಿಜಾರಿನಲ್ಲಿ ಹಸಿರು ಪಾಚಿ ಹಬ್ಬುತ್ತಿರುತ್ತದೆ.

ಬಣ್ಣಗಳೂ ಪ್ಲಾಸ್ಟಿಕ್ಕುಗಳೂ ಹವೆಗೆ ಎಷ್ಟು ಕಾಲ ತಾಳಬಲ್ಲವೆಂದು ಪರೀಕ್ಷಿಸುವ ಲೋಕಪ್ರಸಿದ್ಧ ಬಯಲುಗಳಲ್ಲಿ ಒಂದು ದಕ್ಷಿಣ ಫ್ಲಾರಿಡದಲ್ಲಿಯೇ ಇದೆ. ಇನ್ನೊಂದು ಅರಿಜೋನದ ಮರುಭೂಮಿ. ಅರಿಜೋನದಲ್ಲಿ ಬಿಸಿಲು ಹೆಚ್ಚು, ತೇವವಿಲ್ಲ. ಫ್ಲಾರಿಡದ ಮಳೆಗಾಲದಲ್ಲಿ ಬೆಳಗ್ಗೆ ಸುಡುಬಿಸಿಲು, ಮಧ್ಯಾಹ್ನ ಗುಡುಗುಮಳೆ, ಸಂಜೆ ಮತ್ತೆ ಬಿಸಿಲು. ವಸ್ತುವನ್ನು ದಿನವೂ ನೆನೆಸಿ ಒಣಗಿಸುವ ಈ ಕ್ರಮವೇ ಅದರ ಪರೀಕ್ಷೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ದೋಣಿಗಳು ದಡ ಸೇರುತ್ತವೆ. ಆಗ ಅವುಗಳ ಮೇಲಿನ ಟಾರ್ಪಾಲು ಹೋರಾಡಬೇಕಾದುದು ಮುಖ್ಯವಾಗಿ ಮಳೆಯೊಡನೆ. ಬಿಸಿಲು ಮೋಡದ ಹಿಂದಿರುತ್ತದೆ. ಹಿಂದಿನವರು ತೆಂಗಿನ ಮಡಲನ್ನು ಹೆಣೆದು ಹೊದಿಸಿದರೂ ಆ ಕಾಲಕ್ಕೆ ಸಾಕಾಗುತ್ತಿತ್ತು. ಫ್ಲಾರಿಡದ ಹೊದಿಕೆಗೆ ಇಬ್ಬರು ಶತ್ರುಗಳೂ ಒಂದೇ ದಿನ ಎದುರಾಗುತ್ತಾರೆ.

ಉಪ್ಪು ನೇರವಾಗಿ ಬಟ್ಟೆಯನ್ನು ಕರಗಿಸುವುದಿಲ್ಲ. ಅದರ ಕೇಡು ಬೇರೆ ವಿಧದ್ದು. ಅಡಿಗೆಯ ಉಪ್ಪು ಸುಮಾರು 75 ಶೇಕಡಾ ಸಾಪೇಕ್ಷ ಆರ್ದ್ರತೆಯಲ್ಲಿ ಗಾಳಿಯ ನೀರನ್ನು ಹೀರಿ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗಾದರೋ 33 ಶೇಕಡಾ ಸಾಕು. ಅಂದರೆ ಉಪ್ಪು ಕುಳಿತ ಹೊದಿಕೆ ಮಳೆಯಿಲ್ಲದ ದಿನವೂ ಪೂರ್ತಿ ಒಣಗುವುದಿಲ್ಲ. ಈ ತೇವದಲ್ಲಿ ಬೂಷ್ಟು ಬೆಳೆಯುತ್ತದೆ. ಲೇಪದ ಮೃದುಕಾರಿಯನ್ನೇ ಆಹಾರವಾಗಿ ತಿನ್ನಬಲ್ಲ ಶಿಲೀಂಧ್ರಗಳೂ ಇವೆ. ಅಲ್ಯೂಮಿನಿಯಂ ಕೊಳವೆಗೆ ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಹಾಕಿದ ಕಡೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ವಿದ್ಯುತ್ಕೋಶವೇ ಆಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಒಣಗಿದ ಹರಳುಗಳು ಗಾಳಿಗೆ ಅಲುಗುವ ಮಡಿಕೆಗಳಲ್ಲಿ ಮರಳುಕಾಗದದಂತೆ ಉಜ್ಜುತ್ತವೆ.

ಇದಕ್ಕೆಲ್ಲ ಮದ್ದು ಸಿಹಿನೀರು. ಮಳೆಯಿಲ್ಲದ ತಿಂಗಳುಗಳಲ್ಲಿ, ಅಂದರೆ ನವೆಂಬರಿನಿಂದ ಏಪ್ರಿಲಿನವರೆಗೆ, ಇದು ಇನ್ನೂ ಅಗತ್ಯ. ಆಗ ಉಪ್ಪನ್ನು ತೊಳೆಯಲು ಆಕಾಶದ ಸಹಾಯವಿರುವುದಿಲ್ಲ. ಸೌಮ್ಯವಾದ ಸಾಬೂನು, ಮೆದುವಾದ ಬ್ರಷ್ಷು, ಬಳಿಕ ಧಾರಾಳವಾಗಿ ನೀರು. ಪೆಟ್ರೋಲು, ಸೀಮೆಎಣ್ಣೆಗಳು ಕೊಳೆಯೊಡನೆ ಮೃದುಕಾರಿಯನ್ನೂ ಎಳೆದು ತೆಗೆಯುತ್ತವೆ. ಕಾಸ್ಟಿಕ್ ಸೋಡದಂತಹ ತೀಕ್ಷ್ಣ ಕ್ಷಾರ ಪಾಲಿಯೆಸ್ಟರಿನ ಎಸ್ಟರ್ ಬಂಧವನ್ನೇ ಒಡೆಯುತ್ತದೆ. ಎಣ್ಣೆಯಿಂದ ಸಾಬೂನು ಮಾಡುವಾಗ ನಡೆಯುವ ಕ್ರಿಯೆಯೇ ಹೊಲಿಗೆಯ ದಾರದ ಮೇಲೂ ನಡೆಯುತ್ತದೆ. ರಭಸದಿಂದ ನೀರು ಚಿಮ್ಮಿಸುವ ಯಂತ್ರಗಳಿಂದ ಕೆಲಸ ಬೇಗ ಮುಗಿಯುವುದೇನೋ ನಿಜ. ಹೊಲಿಗೆಯೂ ಬೇಗ ಮುಗಿಯುತ್ತದೆ.

ಮೇ ತಿಂಗಳಿಗೆ ಮೊದಲು ಹೊದಿಕೆಯ ಬಿಗಿತವನ್ನು ನೋಡಬೇಕು. ಚೌಕಟ್ಟಿಗೆ ಬಟ್ಟೆಯನ್ನು ಹಿಡಿದಿಡುವ ರಬ್ಬರಿನ ಹುರಿಗಳು ಬಿಸಿಲಿಗೆ ಸೊರಗುತ್ತವೆ. ಹುರಿ ಸಡಿಲಾದರೆ ಬಟ್ಟೆ ಜೋಲುತ್ತದೆ. ಜೋತಲ್ಲಿ ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ 10 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 100 ಕಿಲೋಗ್ರಾಂ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಜೋಲುತ್ತದೆ, ಇನ್ನಷ್ಟು ನೀರು ಬಂದು ಸೇರುತ್ತದೆ. ಹುರಿಗಳಿಗೆ ಬೆಲೆ ಅಲ್ಪ. ಅವನ್ನು ಬದಲಾಯಿಸಲು ಹಿಂಜರಿಯುವುದು ಜಾಣತನವಲ್ಲ.

ಇಷ್ಟರವರೆಗೆ ಹೇಳಿದುದೆಲ್ಲ ಬಟ್ಟೆಯ ಆಯುಸ್ಸಿನ ಮಾತು. ಇನ್ನು ಹೇಳಬೇಕಾದುದು ಮನೆಮಾರುಗಳ ಮಾತು. ಅಟ್ಲಾಂಟಿಕ್ಕಿನ ಚಂಡಮಾರುತಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಉಚ್ಚಸ್ಥಿತಿ ಸೆಪ್ಟೆಂಬರ್ 10ರ ಸುಮಾರಿಗೆ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯ ಸಾಂದ್ರತೆ ಘನಮೀಟರಿಗೆ 1.2 ಕಿಲೋಗ್ರಾಂ, ಅದರ ಅರ್ಧವನ್ನು, ಎಂದರೆ 0.6ನ್ನು, ವೇಗದ ವರ್ಗದಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ನ್ಯೂಟನ್ ಎಂಬುದು ದೊರೆಯುತ್ತದೆ. 9 ಮೀಟರ್ ಉದ್ದ, 3.5 ಮೀಟರ್ ಅಗಲದ ಹೊದಿಕೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಿಂದ ನೇರವಾಗಿ ಬಡಿದರೆ ಒಟ್ಟು ಬಲ ಸುಮಾರು 190 ಕಿಲೋಗ್ರಾಂ ತೂಕಕ್ಕೆ ಸಮ. ಗಂಟೆಗೆ 63 ಕಿಲೋಮೀಟರ್ ವೇಗದಲ್ಲಿ 590 ಕಿಲೋಗ್ರಾಂ. 2022ರ ಸೆಪ್ಟೆಂಬರ್ 28ರಂದು ನೈಋತ್ಯ ಫ್ಲಾರಿಡದ ಕಾಯೊ ಕೋಸ್ಟ ದ್ವೀಪದ ಬಳಿ ದಡ ಸೇರಿದ ಇಯಾನ್ ಚಂಡಮಾರುತದ ವೇಗ ಗಂಟೆಗೆ 240 ಕಿಲೋಮೀಟರ್. ಆ ವೇಗಕ್ಕೆ ಎಂಟೂವರೆ ಟನ್ನು. ಚಪ್ಪರದ ಇಳಿಜಾರಿನಿಂದ ಈ ಅಂಕಿಗಳು ಹೆಚ್ಚುಕಡಮೆಯಾದಾವು. ಆದರೂ ಬಟ್ಟೆಯನ್ನು ಹೊತ್ತ ಚೌಕಟ್ಟು ಅಂತಹ ಗಾಳಿಗೆ ಹಡಗಿನ ಹಾಯಿಯೇ ಸರಿ. ಬಟ್ಟೆ ಹರಿಯುವುದರ ಜೊತೆಗೆ ಕೊಳವೆಗಳು ಕಿತ್ತು ದೋಣಿಯ ಮೇಲೋ ನೆರೆಮನೆಯ ಕಿಟಕಿಗೋ ಹೋಗಿ ಬೀಳಬಹುದು. ಬಟ್ಟೆಯನ್ನು ಬಿಚ್ಚಿದ ಬರಿಯ ಚೌಕಟ್ಟಿನ ಮೇಲೆ ಗಾಳಿಗೆ ಹಿಡಿತ ಬಹಳ ಕಡಿಮೆ.

ಯಾವಾಗ ಬಿಚ್ಚಬೇಕು? ಮಯಾಮಿಯಲ್ಲಿರುವ ರಾಷ್ಟ್ರೀಯ ಚಂಡಮಾರುತ ಕೇಂದ್ರವು ಗಂಟೆಗೆ 63 ಕಿಲೋಮೀಟರಿನ ಗಾಳಿ ತೊಡಗುವುದೆಂದು ನಿರೀಕ್ಷಿಸಿದ ಸಮಯಕ್ಕೆ 48 ಗಂಟೆ ಮುಂಚೆ ಮುನ್ಸೂಚನೆಯನ್ನೂ 36 ಗಂಟೆ ಮುಂಚೆ ಎಚ್ಚರಿಕೆಯನ್ನೂ ಹೊರಡಿಸುತ್ತದೆ. ಆ ವೇಗದಲ್ಲಿ ಬಟ್ಟೆಯ ಸೆಳೆತ ಎಷ್ಟೆಂಬುದನ್ನು ಈಗತಾನೆ ನೋಡಿದೆವು. ನೀರಿನ ಮೇಲೆ ಏಣಿ ಹತ್ತಿದ ಮನುಷ್ಯನನ್ನು ಎಸೆಯಲು ಅದರಲ್ಲಿ ಸ್ವಲ್ಪವೇ ಸಾಕು. ಆದುದರಿಂದ ಮುನ್ಸೂಚನೆ ಬಂದೊಡನೆ, ಗಾಳಿ ಇನ್ನೂ ಶಾಂತವಾಗಿರುವಾಗಲೇ, ಇಬ್ಬರು ಸೇರಿ ಈ ಕೆಲಸವನ್ನು ಮುಗಿಸಬೇಕು. ಚಳಿಗಾಲವನ್ನು ಮಾತ್ರ ಫ್ಲಾರಿಡದಲ್ಲಿ ಕಳೆದು ವಸಂತದಲ್ಲಿ ಉತ್ತರಕ್ಕೆ ಮರಳುವ ಮನೆಯೊಡೆಯರು ಬಹಳ ಮಂದಿ; ಅವರು ಹೊರಡುವ ಮುನ್ನವೇ ಹೊದಿಕೆಯನ್ನು ಬಿಚ್ಚಿಡುವುದು, ಇಲ್ಲವೆ ನಂಬಿಕೆಯ ಒಬ್ಬರಿಗೆ ಒಪ್ಪಿಸಿ ಹೋಗುವುದು ಲೇಸು.

ಹೊದಿಕೆ ಬಿಚ್ಚಿದ ಮೇಲೆ ಮರೆಯಬಾರದ ಇನ್ನೊಂದು ಕೆಲಸವಿದೆ. ದೋಣಿಯ ತಳದಲ್ಲಿ ನೀರು ಹೊರಹೋಗುವ ರಂಧ್ರದ ಬಿರಡೆಯನ್ನು ತೆಗೆದಿರಬೇಕು. 15 ಚದರ ಮೀಟರ್ ತೆರಪಿರುವ ದೋಣಿಯಲ್ಲಿ 10 ಸೆಂಟಿಮೀಟರ್ ಮಳೆ ನಿಂತರೆ ಒಂದೂವರೆ ಟನ್ನು ಭಾರ. ಲಿಫ್ಟನ್ನು ಕಟ್ಟಿರುವುದು ದೋಣಿಯ ತೂಕವನ್ನು ನೋಡಿ, ಮಳೆಯ ತೂಕವನ್ನು ನೋಡಿ ಅಲ್ಲ. ದೋಣಿಯನ್ನು ಮತ್ತೆ ನೀರಿಗಿಳಿಸುವ ಮುನ್ನ ಬಿರಡೆಯನ್ನು ಸ್ವಸ್ಥಾನಕ್ಕೆ ಹಾಕಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಬಿಚ್ಚಿದ ಬಟ್ಟೆಯನ್ನು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಮಡಿಸುವ ಬದಲು ಸುರುಳಿ ಸುತ್ತಿಡುವುದು ಉತ್ತಮ. ಗಡುಸಾಗತೊಡಗಿದ ಲೇಪ ಮೊದಲು ಬಿರಿಯುವುದು ಮಡಿಕೆಯಲ್ಲಿಯೇ. ಒದ್ದೆಯಾಗಿಯೇ ಸುತ್ತಿಟ್ಟರೆ ಒಳಗೆ ಬೂಷ್ಟಿಗೆ ಕತ್ತಲೂ ತೇವವೂ ಒಟ್ಟಿಗೆ ಸಿಕ್ಕಂತಾಗುತ್ತದೆ. ಹೊಲಿಗೆ ಬಿಟ್ಟಿರುವುದನ್ನು ಮತ್ತೆ ಹೊಲಿಸಲು, ತಿರುಪುಗಳ ಸುತ್ತ ಬಿಳಿಯ ಪುಡಿ ಕಂಡ ಕೊಳವೆಗಳನ್ನು ಸರಿಪಡಿಸಲು ಇದೇ ತಕ್ಕ ಸಮಯ. ನವೆಂಬರ್ ಕಳೆದು ಗಾಳಿ ಒಣಗಿದ ಮೇಲೆ ಹೊದಿಕೆಯನ್ನು ಮತ್ತೆ ಏರಿಸಬಹುದು.