ಚುಕ್ಕೆ ಚೆನ್ನ, ಕಲ್ಲು ಖಾತ್ರಿ

ಮರಿಯ ಜೊತೆ ಕೊಟ್ಟ ವಂಶಾವಳಿ ಪತ್ರದಲ್ಲಿ ಒಂದೇ ಗಂಡುನಾಯಿಯ ಹೆಸರು ಅಪ್ಪನ ಕಡೆಗೂ ಇತ್ತು, ಅಮ್ಮನ ಕಡೆಗೂ ಇತ್ತು. ‘ಲೈನ್ ಬ್ರೀಡಿಂಗ್ ಸಾರ್, ಸೋದರಮಾವನಿಗೆ ಹುಡುಗಿ ಕೊಟ್ಟ ಹಾಗೆ. ಚಾಂಪಿಯನ್ ರಕ್ತ ಮನೇಲೇ ಉಳಿಯುತ್ತೆ’ ಎಂದರು ಬ್ರೀಡರ್. ಮಾತು ಸುಳ್ಳಾಗಲಿಲ್ಲ. ನಮ್ಮ ಡಾಲ್ಮೇಷಿಯನ್ನಿನ ಮೈಮೇಲೆ ಒಂದಕ್ಕೊಂದು ತಾಗದ ದುಂಡು ಚುಕ್ಕೆಗಳು.

ದೊಡ್ಡವನಾದ ಮೇಲೆ ಉಚ್ಚೆ ಕಟ್ಟಿತು. ಕಂಬದ ಬಳಿ ಕಾಲೆತ್ತಿದರೆ ತೊಟ್ಟು ತೊಟ್ಟು, ಸಂಜೆಗೆ ಅದೂ ಇಲ್ಲ. ಡಾಕ್ಟರು ನಳಿಕೆ ತೂರಿಸಿ, ಸಲೈನ್ ರಭಸಕ್ಕೆ ಕಲ್ಲನ್ನು ಮೂತ್ರಕೋಶಕ್ಕೆ ಹಿಂದೆ ತಳ್ಳಿ, ಆಮೇಲೆ ಕೊಯ್ದು ತೆಗೆದರು. ಸ್ಟೀಲ್ ತಟ್ಟೆಯಲ್ಲಿ ಹಳದಿ-ಹಸಿರು ಬಣ್ಣದ ನುಣುಪು ಹರಳುಗಳು. ಯುರೇಟ್ ಕಲ್ಲು.

‘ಮುಂದಿನ ಸಲ ಬೇರೆ ಲೈನಿನ ಮರಿ ತನ್ನಿ’ ಎಂದು ಬಂದವರೆಲ್ಲ ಹೇಳಿದರು. ಡಾಕ್ಟರು ನಕ್ಕರು: ‘ಎಲ್ಲಿಂದ ತರ್ತೀರಿ? ಈ ತಳೀಲಿ ಎಲ್ಲಕ್ಕೂ ಇದೇ ಜೀನು.’

ಬೇರೆ ನಾಯಿಗಳ ಪಿತ್ತಜನಕಾಂಗ ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಅಲ್ಲಾಂಟಾಯಿನ್ ಆಗಿ ಬದಲಿಸುತ್ತದೆ. ಡಾಲ್ಮೇಷಿಯನ್‌ಗೂ ಹಾಗೆ ಬದಲಿಸುವ ಕಿಣ್ವ ಇದೆ; ಆಮ್ಲವನ್ನು ಜೀವಕೋಶದೊಳಗೆ ಸಾಗಿಸುವ ವ್ಯವಸ್ಥೆಯೇ ಕೆಟ್ಟಿದೆ. ಎಸ್‌ಎಲ್‌ಸಿ2ಎ9 ಜೀನಿನ ಈ ದೋಷ ಶುದ್ಧ ತಳಿಯ ನಾಯಿಗೆ ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿರುತ್ತದೆ. ಎಲ್ಲಕ್ಕೂ ಕಲ್ಲಾಗುವುದಿಲ್ಲ, ನಿಜ. ಆದರೆ ಗಂಡುನಾಯಿಯ ಮೂತ್ರನಾಳ ಇಕ್ಕಟ್ಟು. ಸಣ್ಣ ಹರಳು ಸಾಕು. ಇವನಿಗೆ ಈಗ ಅಲ್ಲೋಪ್ಯೂರಿನಾಲ್ ಮಾತ್ರೆ. ಲಿವರ್, ಬೂತಾಯಿ ಮೀನು ಬಂದ್. ಮೊಟ್ಟೆ, ಅನ್ನ, ಊಟಕ್ಕೆ ಧಾರಾಳ ನೀರು.

1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಈ ದೋಷ ನೀಗಿಸಲು ಡಾಲ್ಮೇಷಿಯನ್ನನ್ನು ಒಂದೇ ಒಂದು ಸಲ ಪಾಯಿಂಟರ್ ನಾಯಿಯ ಜೊತೆ ಕೂಡಿಸಿದರು. ಮುಂದೆ ಪ್ರತಿ ತಲೆಮಾರಲ್ಲೂ ಒಳ್ಳೆಯ ಜೀನು ಬಂದ ಮರಿಯನ್ನು ಆರಿಸಿ ಮತ್ತೆ ಡಾಲ್ಮೇಷಿಯನ್‌ಗೇ ಕೂಡಿಸುತ್ತ ಹೋದರು. ಪಾಯಿಂಟರ್ ಪಾಲು ಪ್ರತಿ ಸಲ ಅರ್ಧಕ್ಕಿಳಿಯಿತು, ಜೀನು ಮಾತ್ರ ಉಳಿಯಿತು. ಒಂದು ಕಡೆಯಿಂದ ಬಂದರೂ ಅದು ಸಾಕು. ಹೊರಗಿನ ರಕ್ತ ಎಂದರೆ ಕಲಸುಮೇಲೋಗರ ಅಲ್ಲ ಎಂದು ನನಗೆ ಅರ್ಥವಾದದ್ದು ಇಲ್ಲಿ. ಅಮೆರಿಕನ್ ಕೆನಲ್ ಕ್ಲಬ್ 1981ರಲ್ಲಿ ಇಂಥ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿಯ ಅಭಿಮಾನಿಗಳು ಕುಲಗೆಟ್ಟಿತೆಂದು ತಕರಾರು ತೆಗೆದರು, ನೋಂದಣಿ ನಿಂತಿತು. ಮತ್ತೆ ಶುರುವಾದದ್ದು 2011ರಲ್ಲಿ. ಚುಕ್ಕೆ ಸಣ್ಣದಾಗುತ್ತದೆ ಎಂಬುದೂ ಅವರ ದೂರಿನಲ್ಲಿತ್ತು! ಉಚ್ಚೆ ಕಟ್ಟಿದ ನಾಯಿಯ ನರಳಾಟ ರಾತ್ರಿಯಿಡೀ ಕೇಳಿದ ನನಗೆ ಆ ದೂರು ರುಚಿಸುವುದಿಲ್ಲ.

ಲೈನ್ ಬ್ರೀಡಿಂಗನ್ನೇ ನಾನು ಬೈಯುವುದಿಲ್ಲ. ತಳಿಯಲ್ಲಿ ಆರೋಗ್ಯದ ಜೀನು ಇನ್ನೂ ಉಳಿದಿದ್ದರೆ, ಪರೀಕ್ಷೆ ಮಾಡಿ ಆರಿಸಿ ಕೂಡಿಸಲು ದಾರಿಯಿದೆ. ಮರಿ ಹುಡುಕುವ ಸ್ನೇಹಿತರಿಗೆ ಪದಕಗಳ ಪಟ್ಟಿ ಆಮೇಲೆ, ಮೊದಲು ತಂದೆತಾಯಿಯ ಜೀನ್ ಪರೀಕ್ಷೆಯ ಕಾಗದ ಕೇಳಿ ಎನ್ನುತ್ತೇನೆ. ಗಂಡು ಡಾಲ್ಮೇಷಿಯನ್ನೇ ಬೇಕೆಂದರೆ ಎರಡು ಸಲ ಹೇಳುತ್ತೇನೆ.