ಗಣಿಗಳಲ್ಲಿ ಆಯಾಸದ ಕಾವಲು

ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕದ ಮುಂದೆ ಕುಳಿತಾಗ ಕಣ್ಣೆವೆಗಳು ತಾವಾಗಿಯೇ ಮುಚ್ಚಿಕೊಳ್ಳುವ ಅನುಭವವು ನಮಗೆಲ್ಲರಿಗೂ ಉಂಟು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹಿರಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಮೇಜಿನ ಮುಂದೆ ತೂಕಡಿಸಿದವನಿಗೆ ಒಂದು ಪಾಠ ನಷ್ಟವಾದೀತು. ಗಣಿಯಲ್ಲಿ ಲಾರಿ ನಡೆಸುವವನು ತೂಕಡಿಸಿದರೆ ಪ್ರಾಣವೇ ಹೋದೀತು.

ಆಸ್ಟ್ರೇಲಿಯದ ಬಯಲು ಗಣಿಗಳನ್ನೇ ನೋಡೋಣ. ಅಲ್ಲಿ ಹನ್ನೆರಡು ಗಂಟೆಗಳ ಪಾಳಿಯು ಸಾಮಾನ್ಯ. ಅತಿ ದೊಡ್ಡ ಲಾರಿಗಳು 350 ಟನ್ನಿಗೂ ಹೆಚ್ಚು ಭಾರವನ್ನು ಹೊರಬಲ್ಲವು. ಅಂಥ ಲಾರಿಯು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಚಾಲಕನ ಕಣ್ಣು ಮೂರೇ ಸೆಕೆಂಡು ಮುಚ್ಚಿತೆಂದು ಭಾವಿಸೋಣ. ಅಷ್ಟರಲ್ಲಿ ಅದು 33 ಮೀಟರು ದೂರವನ್ನು ಕಾಣದೆಯೇ ಕ್ರಮಿಸಿರುತ್ತದೆ. ಒಂದೇ ಹಾದಿ, ಒಂದೇ ಸದ್ದು, ಕತ್ತಲೆ. ಇವು ನಿದ್ರೆಯನ್ನು ಕೈಬೀಸಿ ಕರೆಯುತ್ತವೆ.

ಇದು ಸೋಮಾರಿತನವಲ್ಲವೆಂಬುದನ್ನು ನಾವು ಮೊದಲು ಅರಿಯಬೇಕು. ನಮ್ಮ ದೇಹದೊಳಗೆ ಒಂದು ಗಡಿಯಾರವಿದೆ. ಅದರ ಒಳಗುಟ್ಟನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಬೆಳಗಿನ ಜಾವದಲ್ಲಿ ಈ ಗಡಿಯಾರವು ದೇಹವನ್ನು ನಿದ್ರೆಯ ಕಡೆಗೆ ಎಳೆಯುತ್ತದೆ. ಹದಿನೇಳು ಗಂಟೆಗಳ ಕಾಲ ಎಚ್ಚರವಾಗಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05 ಮದ್ಯಸಾರವಿದ್ದವನ ಚುರುಕಿನಷ್ಟಕ್ಕೆ ಇಳಿಯುವುದೆಂದು ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ತೋರಿಸಿದರು. ಇಲ್ಲಿ ಮನೋಬಲವೊಂದೇ ಸಾಲದು.

ಆದುದರಿಂದ ಯಂತ್ರಗಳನ್ನು ಕಾವಲಿಗೆ ನಿಲ್ಲಿಸಲಾಗಿದೆ. ಮೊದಲನೆಯದು ಕ್ಯಾಮರಾ. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಚಾಲಕನ ಕಣ್ಣೆವೆಗಳನ್ನೂ ತಲೆಯ ಚಲನೆಯನ್ನೂ ಗಮನಿಸುತ್ತದೆ. ಎವೆಯು ಹೆಚ್ಚು ಹೊತ್ತು ಮುಚ್ಚಿದರೆ ಸದ್ದು ಮೊಳಗುತ್ತದೆ, ಆಸನವು ನಡುಗುತ್ತದೆ, ಮೇಲ್ವಿಚಾರಣೆಯ ಕೇಂದ್ರಕ್ಕೂ ಸುದ್ದಿ ಮುಟ್ಟುತ್ತದೆ. ಕ್ಯಾನ್‌ಬೆರಾದ ಸೀಯಿಂಗ್ ಮೆಷೀನ್ಸ್ ಸಂಸ್ಥೆಯ ಇಂಥ ಸಾಧನವನ್ನು ಗಣಿಗಳಿಗೆ ಒದಗಿಸಲು 2013ರಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿಯು ಒಪ್ಪಂದ ಮಾಡಿಕೊಂಡಿತು. ಎರಡನೆಯದು ಸ್ಮಾರ್ಟ್‌ಕ್ಯಾಪ್ ಎಂಬ ಟೋಪಿ. ಇದೂ ಆಸ್ಟ್ರೇಲಿಯದಲ್ಲೇ ಹುಟ್ಟಿದುದು. ಅದರ ಒಳಪಟ್ಟಿಯು ಮೆದುಳಿನ ಸೂಕ್ಷ್ಮ ವಿದ್ಯುತ್ತರಂಗಗಳನ್ನು ಅಳೆದು, ನಿದ್ರೆಯನ್ನು ತಡೆಯುವ ಶಕ್ತಿಯು ಎಷ್ಟು ಉಳಿದಿದೆಯೆಂಬುದನ್ನು ತಿಳಿಸುತ್ತದೆ.

ಇಷ್ಟರಿಂದ ಕೆಲಸವು ಮುಗಿಯಿತೇ? ಇಲ್ಲ. ಕ್ಯಾಮರಾವು ಎಚ್ಚರಿಸುವುದು ಕಣ್ಣು ಮುಚ್ಚಿದ ಮೇಲೆ. ಡಾಸನ್ ಮತ್ತು ಮೆಕಲಕ್ ಎಂಬವರು 2005ರಲ್ಲಿ ಈ ವಿಷಯವನ್ನು ಮೆಟ್ಟಿಲುಗಳಾಗಿ ವಿವರಿಸಿದರು. ನಿದ್ರೆಗೆ ಬಿಡುವು ದೊರೆಯಿತೇ? ದೊರೆತ ಬಿಡುವಿನಲ್ಲಿ ನಿದ್ರೆಯು ಬಂದಿತೇ? ಆಯಾಸದ ಚಿಹ್ನೆಗಳು ಕಾಣುತ್ತಿವೆಯೇ? ಕೆಲಸದಲ್ಲಿ ತಪ್ಪುಗಳಾಗುತ್ತಿವೆಯೇ? ಕೊನೆಯದು ಅಪಘಾತ. ಯಂತ್ರವು ನಿಂತಿರುವುದು ಮೂರನೆಯ ಮೆಟ್ಟಿಲಿನಲ್ಲಿ. ಮೊದಲೆರಡನ್ನು ಸರಿಪಡಿಸಬೇಕಾದವರು ಪಾಳಿಯ ಪಟ್ಟಿಯನ್ನು ಬರೆಯುವವರು.

ಯಂತ್ರವನ್ನು ತರುವ ರೀತಿಯೂ ಮುಖ್ಯವಾದುದು. ತನ್ನ ಮುಖವನ್ನು ದಿನವೆಲ್ಲ ಕ್ಯಾಮರಾವು ದಿಟ್ಟಿಸುವುದನ್ನು ಯಾವ ಕೆಲಸಗಾರನು ತಾನೇ ಸುಲಭವಾಗಿ ಒಪ್ಪಿಯಾನು? ಆದಕಾರಣ ಮೊದಲು ಕೆಲಸಗಾರರೊಡನೆ ಕುಳಿತು ಮಾತನಾಡಬೇಕು. ಚಿತ್ರಗಳನ್ನು ಯಾರು ನೋಡುವರು, ಎಷ್ಟು ದಿನ ಇಡುವರು ಎಂಬುದನ್ನು ಬರೆದು ಕೊಡಬೇಕು. ಕೆಲವೇ ಲಾರಿಗಳಲ್ಲಿ ಪರೀಕ್ಷಿಸಿ, ಸುಳ್ಳು ಎಚ್ಚರಿಕೆಗಳನ್ನು ತಿದ್ದಿಕೊಳ್ಳಬೇಕು. ಎಚ್ಚರಿಕೆಯು ಮೊಳಗಿದೊಡನೆ ಮಾಡಬೇಕಾದುದು ಲಾರಿಯನ್ನು ನಿಲ್ಲಿಸಿ ವಿಶ್ರಾಂತಿ ಕೊಡುವುದು, ಸಂಬಳವನ್ನು ಕತ್ತರಿಸುವುದಲ್ಲ. ದಂಡನೆಗೆ ಅಂಜಿದವನು ತನ್ನ ಆಯಾಸವನ್ನು ಬಚ್ಚಿಡುವನು. ಬಚ್ಚಿಟ್ಟ ಆಯಾಸವೇ ಅತ್ಯಂತ ಅಪಾಯಕರ.

ಈ ಸಂದರ್ಭದಲ್ಲಿ ಚರಿತ್ರೆಯ ಒಂದು ಪಾಠವನ್ನು ನೆನೆಯಬೇಕು. 1812ರಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 92 ಮಂದಿ ಮಡಿದರು. 1815ರಲ್ಲಿ ಹಂಫ್ರಿ ಡೇವಿಯು ಗಣಿಗಾರರಿಗಾಗಿ ಸುರಕ್ಷಾದೀಪವನ್ನು ನಿರ್ಮಿಸಿದನು. ದೀಪವು ಉತ್ತಮವಾದುದೇ. ಆದರೆ ದೀಪವಿದೆಯೆಂಬ ಧೈರ್ಯದಿಂದ, ಅಪಾಯವೆಂದು ಹಿಂದೆ ಬಿಟ್ಟಿದ್ದ ಪದರಗಳಿಗೂ ಜನರನ್ನು ಇಳಿಸಲಾಯಿತು, ಸ್ಫೋಟಗಳು ನಿಲ್ಲಲಿಲ್ಲ. ಇಂದಿನ ಕ್ಯಾಮರಾಕ್ಕೂ ಅದೇ ಗತಿ ಒದಗಬಾರದು. ಯಂತ್ರವು ಎಬ್ಬಿಸುವುದೆಂದು ಪಾಳಿಯನ್ನು ಇನ್ನಷ್ಟು ಹಿಗ್ಗಿಸಿದರೆ, ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತಾಗುವುದು.

ನಮ್ಮ ದೇಶದ 1952ರ ಗಣಿ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನೂ ನೆಲದೊಳಗಿನ ಕೆಲಸಕ್ಕೆ ದಿನಕ್ಕೆ 8 ಗಂಟೆಗಳ ಮಿತಿಯನ್ನೂ ವಿಧಿಸಿತು. ಅದನ್ನು ಬರೆದವರಿಗೆ ಕ್ಯಾಮರಾ ಇರಲಿಲ್ಲ. ದಣಿದ ಮನುಷ್ಯನಿಗೆ ನಿದ್ರೆಯು ಬೇಕೆಂಬ ತಿಳಿವು ಇತ್ತು. ನಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗಿ ಇಂಥ ಯಂತ್ರಗಳನ್ನು ರಚಿಸಬಹುದು. ಆಗ ಇದೊಂದನ್ನು ನೆನಪಿಡೋಣ: ಯಂತ್ರವು ಆಯಾಸವನ್ನು ಕಂಡುಹಿಡಿಯಬಲ್ಲುದು, ಅದನ್ನು ಕಳೆಯುವುದು ನಿದ್ರೆಯೊಂದೇ.