ನಂಬುಗೆ, ನಚ್ಚು, ಶ್ರದ್ಧೆ : ಒಂದು ಶಬ್ದಾರ್ಥ ವಿವೇಚನೆ

ನಂಬಿಕೆ ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಆದರೆ ಅದರ ಅರ್ಥವೇನೆಂದು ತರಗತಿಯಲ್ಲಿ ಪ್ರಶ್ನಿಸಿದರೆ ವಿದ್ಯಾರ್ಥಿಯು ‘ವಿಶ್ವಾಸ’ ಎನ್ನುತ್ತಾನೆ. ವಿಶ್ವಾಸವೆಂದರೇನೆಂದರೆ ‘ಶ್ರದ್ಧೆ’ ಎನ್ನುತ್ತಾನೆ. ಶ್ರದ್ಧೆಯ ಅರ್ಥವನ್ನು ಕೇಳಿದರೆ ಮರಳಿ ‘ನಂಬಿಕೆ’ಯ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಗಾಣದ ಎತ್ತು ದಿನವೆಲ್ಲ ನಡೆದರೂ ಇದ್ದಲ್ಲಿಯೇ ಇರುವಂತಹ ಈ ಸ್ಥಿತಿಗೆ ವಿದ್ಯಾರ್ಥಿಯನ್ನು ದೂರಿ ಫಲವಿಲ್ಲ. ಪದಕ್ಕೆ ಪದವನ್ನಿಟ್ಟು ಮುಗಿಸುವ ಬೋಧನೆಯ ರೀತಿಯೇ ಅಂತಹುದು. ಒಂದೇ ಅರ್ಥಕ್ಕೆ ಇಷ್ಟೊಂದು ಶಬ್ದಗಳನ್ನು ಯಾವ ಭಾಷೆಯೂ ಸುಮ್ಮನೆ ಸಾಕಿಕೊಂಡಿರುವುದಿಲ್ಲ. ಪ್ರತಿಯೊಂದು ಶಬ್ದಕ್ಕೂ ಅದರದೇ ಆದ ಹುಟ್ಟು, ಅದರದೇ ಆದ ಸಹವಾಸ ಉಂಟು.

ಮೊದಲು ‘ನಂಬು’ ಧಾತುವನ್ನು ನೋಡಬಹುದು. ಇದು ಅಚ್ಚಗನ್ನಡದ ಮಾತು. ತಮಿಳು, ಮಲಯಾಳ, ತುಳು ಭಾಷೆಗಳಲ್ಲಿ ಬಹುಮಟ್ಟಿಗೆ ಇದೇ ರೂಪದಲ್ಲಿಯೂ ತೆಲುಗಿನಲ್ಲಿ ‘ನಮ್ಮು’ ಎಂಬ ರೂಪದಲ್ಲಿಯೂ ದೊರೆಯುವುದರಿಂದ ಇದರ ಪ್ರಾಚೀನತೆ ಸ್ಪಷ್ಟವಾಗಿದೆ. ಈ ಕ್ರಿಯಾಪದವು ಕನ್ನಡ ವಾಕ್ಯದಲ್ಲಿ ಎರಡು ಬಗೆಯಾಗಿ ನಿಲ್ಲುತ್ತದೆ. ‘ಮಳೆ ಬರುತ್ತದೆ ಎಂದು ನಂಬಿದನು’ ಎಂಬಲ್ಲಿ ಅದು ಬುದ್ಧಿಯ ಒಪ್ಪಿಗೆ; ಒಂದು ಹೇಳಿಕೆಯನ್ನು ನಿಜವೆಂದು ಎಣಿಸುವುದು. ‘ಮಳೆಯನ್ನು ನಂಬಿದನು’ ಎಂಬಲ್ಲಿ ಅದು ಬೇರೆಯೇ ಆದ ವ್ಯಾಪಾರ. ಮಳೆಯ ಮೇಲೆ ತನ್ನ ಬಾಳಿನ ಭಾರವನ್ನು ಇಟ್ಟನು ಎಂದು ಅದರ ತಾತ್ಪರ್ಯ. ‘ಎಂದು’ ಎಂಬ ಒಂದು ಅವ್ಯಯದ ಇರವು ಇಲ್ಲಮೆಗಳಿಂದ ಅರ್ಥವು ತಲೆಯಿಂದ ಬದುಕಿಗೆ ಇಳಿಯುತ್ತದೆ. ಕನ್ನಡದ ಹಳ್ಳಿಗಳಲ್ಲಿ ಇಂದಿಗೂ ಬಲವಾಗಿರುವುದು ಈ ಎರಡನೆಯ ಬಳಕೆ. ಗದ್ದೆಯನ್ನು ನಂಬಿದ ಸಂಸಾರ, ಅಡಿಕೆಯನ್ನು ನಂಬಿದ ಊರು, ಅಣ್ಣನನ್ನು ನಂಬಿ ಬಂದ ತಂಗಿ ಎನ್ನುವಾಗ ಯಾರೂ ಯಾವ ಸಿದ್ಧಾಂತವನ್ನೂ ಒಪ್ಪುತ್ತಿಲ್ಲ. ಕರಾವಳಿಯಲ್ಲಿ ‘ನಮ್ಮ ಕುಟುಂಬ ನಂಬಿಕೊಂಡು ಬಂದ ದೈವ’ ಎಂಬ ಮಾತಿದೆ. ಅಲ್ಲಿ ನಂಬುವುದೆಂದರೆ ಕಾಲಕಾಲದ ಸೇವೆಯನ್ನು ತಲೆಮಾರಿನಿಂದ ತಲೆಮಾರಿಗೆ ತಪ್ಪದೆ ನಡೆಸಿಕೊಂಡು ಬರುವುದು. ಅದು ಮನೋಗತವಾದ ಅಭಿಪ್ರಾಯವಲ್ಲ, ಹೊತ್ತ ಹೊಣೆ.

ಈ ಎರಡನೆಯ ಅರ್ಥವನ್ನು ಕಣ್ಣಾರೆ ಕಾಣಬೇಕಾದರೆ ಹೊಸನಗರ ತಾಲ್ಲೂಕಿನ ಹುಲಿಕಲ್ಲಿಗೆ ಹೋಗಬೇಕು. ನಾಡಿನಲ್ಲೇ ಅತ್ಯಧಿಕ ಮಳೆ ಬೀಳುವ ತಾಣಗಳಲ್ಲಿ ಹುಲಿಕಲ್ಲು ಒಂದು. ಮಳೆಗೆ ಹೆಸರಾದ ಆಗುಂಬೆಯನ್ನೂ ಅದು ಮೀರಿಸಿದ ವರ್ಷಗಳುಂಟು. ಘಟ್ಟದ ಮೇಲಿನ ಮಾಸ್ತಿಕಟ್ಟೆಯ ಕಡೆಯಿಂದ ಕೆಳಗಿನ ಹೊಸಂಗಡಿಗೆ ಇಳಿಯುವ ಹಾದಿಯನ್ನು ಹುಲಿಕಲ್ ಘಾಟಿಯೆಂದೂ ಬಾಳೆಬರೆ ಘಾಟಿಯೆಂದೂ ಕರೆಯುತ್ತಾರೆ. ಬಿದನೂರು ರಾಜಧಾನಿಯಾಗಿದ್ದ ಕಾಲದಲ್ಲಿ ಹೊಸಂಗಡಿಯ ಈ ಘಟ್ಟವೇ ಕೆಳದಿ ಸಂಸ್ಥಾನಕ್ಕೆ ಕಡಲ ಕಡೆಯ ಹೆಬ್ಬಾಗಿಲಾಗಿತ್ತು. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಕಟ್ಟಿಹೋಗುವುದು ಇಲ್ಲಿ ಅಪರೂಪವಲ್ಲ. ಘಾಟಿಯಲ್ಲಿ ಚಂಡಿಕಾಂಬೆಯ ಗುಡಿಯಿದೆ. ಇಳಿಜಾರಿನ ಪ್ರಯಾಣಿಕರು ಅಲ್ಲಿ ವಾಹನ ನಿಲ್ಲಿಸಿ ಕೈಮುಗಿದು ಮುಂದೆ ಸಾಗುತ್ತಾರೆ. ಕೈಮುಗಿದ ಚಾಲಕನು ಬ್ರೇಕಿನ ಮೇಲಿನ ಕಾಲನ್ನು ತೆಗೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು. ‘ದೇವಿ ಕಾಯುತ್ತಾಳೆ ಎಂದು’ ನಂಬಿ ಸುಮ್ಮನೆ ಕುಳಿತವನಲ್ಲ ಆತ. ದೇವಿಯನ್ನು ನಂಬಿದವನು, ಬ್ರೇಕನ್ನೂ ನಂಬಿದವನು, ತಿರುವಿನಾಚೆಯಿಂದ ಬರುವ ಅಪರಿಚಿತ ಚಾಲಕನ ಎಚ್ಚರವನ್ನೂ ನಂಬಿದವನು. ಈ ಮೂರು ನಂಬುಗೆಗಳು ಅವನಲ್ಲಿ ಜಗಳವಾಡುವುದಿಲ್ಲ. ಜಗಳವಿದೆಯೆಂದು ತೋರುವುದು ‘ಎಂದು ನಂಬು’ವ ಅರ್ಥವೊಂದನ್ನೇ ಬಲ್ಲವರಿಗೆ.

ಇದೇ ಬಿದನೂರಿನ ಇತಿಹಾಸವೂ ಈ ಶಬ್ದಕ್ಕೆ ಒಂದು ವ್ಯಾಖ್ಯಾನವನ್ನು ಒದಗಿಸಿದೆ. 1689ರಲ್ಲಿ ಮೊಗಲ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನು ಕೆಳದಿಯ ಚೆನ್ನಮ್ಮಾಜಿಯ ನೆರವನ್ನು ಬೇಡಿದನು. ಔರಂಗಜೇಬನ ಕೋಪವು ತನ್ನ ರಾಜ್ಯದ ಮೇಲೆ ತಿರುಗುವುದೆಂದು ಬಲ್ಲ ರಾಣಿಯು ನಂಬಿ ಬಂದವನನ್ನು ಕೈಬಿಡಲಿಲ್ಲ, ಯುದ್ಧವನ್ನೂ ಎದುರಿಸಿದಳು. ನಂಬುಗೆ ಇಟ್ಟವನೊಬ್ಬನಾದರೆ ಅದರ ಬೆಲೆಯನ್ನು ತೆರುವವರು ಮತ್ತೊಬ್ಬರು. ಕನ್ನಡದಲ್ಲಿ ‘ನಂಬಿದವರು’ ಎಂಬ ಶಬ್ದಕ್ಕೆ ಆಶ್ರಿತರು ಎಂಬ ಅರ್ಥ ಬಂದಿರುವುದು ಈ ಕಾರಣದಿಂದ.

‘ನಚ್ಚು’ ಅಥವಾ ‘ನೆಚ್ಚು’ ಎಂಬುದು ನಂಬುಗೆಯ ಒಡಹುಟ್ಟು. ತಮಿಳಿನಲ್ಲಿ ‘ನಚ್ಚು’ ಎಂದರೆ ಬಯಸು, ಒಲಿ; ತೆಲುಗಿನಲ್ಲಿ ಮನಸ್ಸಿಗೆ ಹಿಡಿಸು. ಕನ್ನಡದಲ್ಲಿ ಅದು ನಂಬುವುದಾದರೂ ಒಲವಿನ ವಾಸನೆ ಹೋಗಿಲ್ಲ. ನೆಚ್ಚಿನ ಶಿಷ್ಯ, ನೆಚ್ಚಿನ ಗುರು ಎನ್ನುತ್ತೇವೆಯೇ ಹೊರತು ‘ನಂಬಿಕೆಯ ಶಿಷ್ಯ’ ಎಂದರೆ ಅರ್ಥ ಬೇರೆಯಾಗಿ, ಬೀಗದ ಕೈಯನ್ನು ಕೊಡಬಹುದಾದವನು ಎಂದಾಗುತ್ತದೆ. ಶರಣರು ನಚ್ಚನ್ನೂ ಮೆಚ್ಚನ್ನೂ ಜೊತೆಗೂಡಿಸಿ ಆಡಿರುವುದು ಪ್ರಾಸದ ಸುಖಕ್ಕಾಗಿ ಮಾತ್ರವಲ್ಲ. ಬರಿಯ ಬಾಯಿಮಾತಿನ ನಚ್ಚನ್ನು ದೇವನು ಅಲುಗಿಸಿ ಪರೀಕ್ಷಿಸದೆ ಬಿಡುವುದಿಲ್ಲವೆಂಬ ಭಾವವು ವಚನಗಳಲ್ಲಿ ಉಂಟು. (ನಂಬಿಯಣ್ಣನ ಹೆಸರನ್ನು ‘ನಂಬು’ ಧಾತುವಿನಿಂದ ಬಿಡಿಸುವ ವಿದ್ಯಾರ್ಥಿಗಳಿದ್ದಾರೆ. ತಮಿಳಿನಲ್ಲಿ ‘ನಂಬಿ’ ಎಂದರೆ ಪುರುಷಶ್ರೇಷ್ಠ. ಭಕ್ತಿಗೆ ಒಪ್ಪುವ ವ್ಯುತ್ಪತ್ತಿಯೆಲ್ಲ ವ್ಯಾಕರಣಕ್ಕೆ ಒಪ್ಪಬೇಕೆಂದಿಲ್ಲ.)

ಸಂಸ್ಕೃತದಿಂದ ಬಂದ ಶಬ್ದಗಳ ದಾರಿ ಬೇರೆ. ‘ವಿಶ್ವಾಸ’ದಲ್ಲಿ ಶ್ವಾಸವಿದೆ, ಯಾರ ಬಳಿ ಉಸಿರು ಬಿಗಿಹಿಡಿಯದೆ ನಿರಾಳವಾಗಿರಬಹುದೋ ಅವರಲ್ಲಿ ವಿಶ್ವಾಸ. ಆದುದರಿಂದಲೇ ಕನ್ನಡದಲ್ಲಿ ‘ಪ್ರೀತಿ ವಿಶ್ವಾಸ’ ಎಂದು ಅದು ಸ್ನೇಹದ ಪಕ್ಕದಲ್ಲಿ ಕುಳಿತಿದೆ. ‘ಶ್ರದ್ಧೆ’ಯಲ್ಲಿ ‘ಶ್ರತ್’ ಮತ್ತು ‘ಧಾ’ ಎಂಬ ಎರಡು ಅಂಶಗಳಿವೆ. ವೈದಿಕ ನಿಘಂಟು ‘ಶ್ರತ್’ ಎಂಬುದನ್ನು ಸತ್ಯದ ಪರ್ಯಾಯಗಳಲ್ಲಿ ಸೇರಿಸಿದೆ. ಆಧುನಿಕ ಭಾಷಾವಿಜ್ಞಾನಿಗಳು ಲ್ಯಾಟಿನ್ನಿನ ‘ಕ್ರೇಡೋ’ ಎಂಬ ಕ್ರಿಯಾಪದವನ್ನು ಇದರ ದಾಯಾದಿಯೆಂದು ಗುರುತಿಸಿ, ‘ಹೃದಯವನ್ನು ಇಡುವುದು’ ಎಂಬ ಮೂಲಾರ್ಥವನ್ನು ಊಹಿಸಿದ್ದಾರೆ. ಕ್ರೈಸ್ತರ ಮತಪ್ರತಿಜ್ಞೆ ಆರಂಭವಾಗುವ ಶಬ್ದವೂ, ಬ್ಯಾಂಕಿನವರು ಸಾಲಕ್ಕೆ ಬಳಸುವ ‘ಕ್ರೆಡಿಟ್’ ಎಂಬ ಶಬ್ದವೂ ಅದೇ ಬೇರಿನವು. ಕನ್ನಡದಲ್ಲಿ ಶ್ರದ್ಧೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ‘ಶ್ರದ್ಧೆಯಿಂದ ಓದು’, ‘ಕೆಲಸದಲ್ಲಿ ಶ್ರದ್ಧೆ ವಹಿಸು’ ಎನ್ನುವಲ್ಲಿ ಅದು ಆಸ್ಥೆ, ಗಮನ, ದುಡಿಮೆ. ನಂಬಿಕೆಯನ್ನು ಇಡುತ್ತೇವೆ, ವಿಶ್ವಾಸವನ್ನು ಗಳಿಸುತ್ತೇವೆ, ನಿಷ್ಠೆಯನ್ನು ತೋರುತ್ತೇವೆ, ಶ್ರದ್ಧೆಯನ್ನು ವಹಿಸುತ್ತೇವೆ, ಭಕ್ತಿಯನ್ನು ಮಾಡುತ್ತೇವೆ. ಈ ಕ್ರಿಯಾಪದಗಳನ್ನು ಅದಲುಬದಲು ಮಾಡಿ ವಾಕ್ಯ ರಚಿಸುವಂತೆ ಮಕ್ಕಳಿಗೆ ಹೇಳಿದರೆ ಎಲ್ಲಿ ಕಿವಿಗೆ ಒಗ್ಗದೋ ಅಲ್ಲಿಯೇ ಅರ್ಥದ ಗಡಿ ಇರುವುದು ಅವರಿಗೆ ತಾನಾಗಿ ತಿಳಿಯುತ್ತದೆ. ಅರ್ಧ ಗಂಟೆಯ ಈ ಅಭ್ಯಾಸವು ಹತ್ತು ಪುಟದ ಪದಕೋಶಕ್ಕಿಂತ ಮೇಲು.

ವೀರಶೈವ ಶಾಸ್ತ್ರವು ಈ ಶಬ್ದಗಳನ್ನು ಪರ್ಯಾಯಗಳೆಂದು ಎಣಿಸದೆ ಮೆಟ್ಟಿಲುಗಳನ್ನಾಗಿ ಜೋಡಿಸಿತು. ಷಟ್‌ಸ್ಥಲದ ಭಕ್ತನಲ್ಲಿರುವುದು ಶ್ರದ್ಧಾಭಕ್ತಿ. ಮಾಹೇಶ್ವರನಲ್ಲಿ ಅದು ನಿಷ್ಠಾಭಕ್ತಿ. ನಿಷ್ಠೆಯೆಂದರೆ ನೆಲೆಯಾಗಿ ನಿಲ್ಲುವುದು. ಇಟ್ಟ ಹೃದಯವನ್ನು ಹಿಂದೆಗೆಯದಿರುವುದು. ಪ್ರಸಾದಿಗೆ ಅವಧಾನಭಕ್ತಿ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಷ್ಠೆಯ ಮೇಲಿನ ಮೆಟ್ಟಿಲು ಇನ್ನೂ ಗಟ್ಟಿಯಾದ ನಿಷ್ಠೆಯಾಗಬಹುದೆಂದು ಯಾರಾದರೂ ನಿರೀಕ್ಷಿಸುತ್ತಾರೆ. ಆದರೆ ಶರಣರು ಅಲ್ಲಿ ಎಚ್ಚರವನ್ನು ಇಟ್ಟರು. ನಿಷ್ಠೆಯು ಮಾತ್ರವೇ ಬೆಳೆದರೆ ಹಟವಾಗುತ್ತದೆ; ತಾನು ಏನನ್ನು ಸ್ವೀಕರಿಸುತ್ತಿರುವೆನೆಂಬ ಅವಧಾನ ಸೇರಿದಾಗ ಅದು ಪ್ರಸಾದವಾಗುತ್ತದೆ. ಆ ಮೇಲೆ ಪ್ರಾಣಲಿಂಗಿಯ ಅನುಭಾವಭಕ್ತಿ: ಇನ್ನೊಬ್ಬರ ಮಾತಿನ ಮೇಲೆ ನಂಬಿದ್ದು ತನ್ನ ಅನುಭವವಾಗುವ ನೆಲೆ. ಶರಣನ ಆನಂದಭಕ್ತಿ, ಐಕ್ಯನ ಸಮರಸಭಕ್ತಿಗಳಲ್ಲಿ ನಂಬುವವನು ಬೇರೆ, ನಂಬಿಸಿಕೊಳ್ಳುವುದು ಬೇರೆ ಎಂಬ ಎರಡೇ ಇಲ್ಲವಾಗುವುದರಿಂದ ನಂಬಿಕೆಯೆಂಬ ಶಬ್ದಕ್ಕೆ ಅಲ್ಲಿ ಕೆಲಸವಿಲ್ಲ. ನಂಬಿಕೆಯನ್ನು ಆರಂಭವೆಂದು ಬಗೆದು ಅರಿವಿನ ಕಡೆಗೆ ನಡೆಸಿದ ಈ ಕ್ರಮವನ್ನು ಬಲ್ಲವರು, ನಂಬಿಕೆಯೂ ಪ್ರಶ್ನೆಯೂ ಪರಸ್ಪರ ವೈರಿಗಳೆಂದು ಹೇಳಲಾರರು. ‘ಭಕ್ತಿ’ಯ ಧಾತುವಿನಲ್ಲಿಯೇ ಪಾಲು ಎಂಬ ಅರ್ಥವಿದೆಯೆಂಬುದೂ ಸ್ಮರಣೀಯ; ‘ಭಾಗ’ ಎಂಬ ಶಬ್ದ ಅದರ ಒಡಹುಟ್ಟು, ನಮ್ಮ ‘ಬತ್ತ’ವನ್ನು ‘ಭಕ್ತ’ದ ತದ್ಭವವೆನ್ನುತ್ತಾರೆ. ಮಠಗಳ ಪ್ರಸಾದನಿಲಯಗಳಲ್ಲಿ ಸಾವಿರಾರು ಮಕ್ಕಳು ಉಂಡು ಓದಿದ ದಾಸೋಹಕ್ಕೆ ಇದಕ್ಕಿಂತ ಹತ್ತಿರದ ವ್ಯುತ್ಪತ್ತಿ ಬೇಕಿಲ್ಲ.

‘ಮೂಢನಂಬಿಕೆ’ ಈ ಮನೆತನದಲ್ಲಿ ಕಿರಿಯ ಶಬ್ದ. ಸಂಸ್ಕೃತದ ‘ಮೂಢ’ಕ್ಕೆ ಕನ್ನಡದ ‘ನಂಬಿಕೆ’ಯನ್ನು ಬೆಸೆದ ಈ ಸಮಾಸವನ್ನು ಕೇಶಿರಾಜನು ಅರಿಸಮಾಸವೆಂದು ಬದಿಗಿರಿಸುತ್ತಿದ್ದನು. ಹೆಸರಿನ ದೋಷಕ್ಕಿಂತ ದೊಡ್ಡದು ಅದನ್ನು ಯಾರ ಮೇಲೆ ಎಸೆಯಬೇಕೆಂಬ ತೊಡಕು: ತನ್ನದು ನಂಬಿಕೆ, ನೆರೆಯವನದು ಮೂಢನಂಬಿಕೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದಾಗ ನಾಡಿನಲ್ಲಿ ಎದ್ದ ವಾದವಿವಾದದ ತಿರುಳು ಇದೇ. 2013ರ ಮಸೂದೆಯ ಕರಡಿನ ಸುತ್ತ ಮತ್ತೆ ಅದೇ ಚರ್ಚೆ ನಡೆಯಿತು. ಕೊನೆಗೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯಿದೆಯು ತನ್ನ ಹೆಸರಿನಲ್ಲಿ ನಂಬಿಕೆಯೆಂಬ ಮಾತನ್ನೇ ಬಿಟ್ಟು ಅಮಾನವೀಯ ದುಷ್ಟ ಪದ್ಧತಿಗಳು, ವಾಮಾಚಾರ ಎಂಬ ಮಾತುಗಳನ್ನು ಹಿಡಿಯಿತು. ಇದು ಶಬ್ದವಿವೇಕದ ಲಕ್ಷಣ. ಶಾಸನವು ಕೃತ್ಯವನ್ನು ಮುಟ್ಟಬಲ್ಲುದು. ಮನಸ್ಸಿನೊಳಗಿನ ‘ಎಂದು’ ಎಂಬುದನ್ನು ಮುಟ್ಟಲಾರದು.

ಹಾಗಾದರೆ ಸರಿಯಾದ ನಂಬಿಕೆಗೆ ಲಕ್ಷಣವೇನು? ಮಲೆನಾಡಿನ ತೋಟಗಳೇ ಒಂದು ಉತ್ತರವನ್ನು ಇಟ್ಟುಕೊಂಡಿವೆ. ಅಡಿಕೆಯ ಕೊಳೆರೋಗಕ್ಕೆ ಮೊದಲು ಇದ್ದ ರಕ್ಷಣೆಯೆಂದರೆ ಗೊನೆಗಳಿಗೆ ಕೊಟ್ಟೆ ಕಟ್ಟುವುದು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಮೇಲೆ ಗ್ರಂಥವನ್ನು ಪ್ರಕಟಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ದ್ರಾವಣ ಹದವಾಯಿತೆಂದು ರೈತನು ಯಾರ ಮಾತನ್ನೂ ನಂಬಬೇಕಿಲ್ಲ: ಹೊಳೆಯುವ ಚೂರಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಬೇಕು. ಮದ್ದನ್ನು ನಂಬಿ ಬಾಳುವ ರೈತನ ಕೈಯಲ್ಲಿಯೇ ಮದ್ದನ್ನು ಪರೀಕ್ಷಿಸುವ ಚೂರಿಯೂ ಇದೆ. ಅವಧಾನವೆಂಬ ಶಾಸ್ತ್ರದ ಮಾತಿಗೆ ತೋಟದಲ್ಲಿ ದೊರೆಯುವ ಅರ್ಥ ಇದು.

ಎಲ್ಲ ನಂಬುಗೆಗೂ ಹೀಗೆ ಚೂರಿ ದೊರೆಯುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನರಿಗೆ ಜ್ವರ ಹರಡಿತು. ಉಣುಗುಗಳಿಂದ ಹರಡುವ ಆ ವೈರಾಣು ರೋಗವೇ ಮಂಗನ ಕಾಯಿಲೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಡಂಚಿನ ಮನೆಗಳಿಗೆ ಅದು ಇಂದಿಗೂ ಬೇಸಗೆಯ ಭಯ. 1982-83ರ ಸುಮಾರಿಗೆ ಬೆಳ್ತಂಗಡಿಯ ಕಡೆ ಗೇರು ತೋಪಿಗಾಗಿ ಕಾಡು ಕಡಿದ ಮೇಲೆ ಕಾಯಿಲೆ ಕಾಣಿಸಿಕೊಂಡಾಗ, ಕಾಡಿನ ದೈವಗಳು ಮುನಿದಿವೆಯೆಂದು ಜನರು ಹೇಳಿದುದನ್ನು ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ದಾಖಲಿಸಿದ್ದಾರೆ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಕಾಡು ಕಡಿದುದಕ್ಕೂ ಕಾಯಿಲೆಗೂ ನಂಟುಂಟೆಂದು ವಿಜ್ಞಾನಿಗಳೂ ಹೇಳಿದರು. ಕಾರಣದ ಹೆಸರು ತಪ್ಪಿತ್ತು. ಕಾರಣದ ದಿಕ್ಕು ತಪ್ಪಿರಲಿಲ್ಲ.

ಲಸಿಕೆಯ ಕಥೆ ಇದಕ್ಕಿಂತ ತೊಡಕಿನದು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆ ಮೇಲೆ ಬಲವರ್ಧಕ ಎಂದು ಮಲೆನಾಡಿನ ಜನರು ವರ್ಷ ವರ್ಷವೂ ತೋಳು ನೀಡಿದರು. 2005ರಿಂದ 2010ರವರೆಗಿನ ಅಂಕಿಗಳನ್ನು ಪರಿಶೀಲಿಸಿದ ಅಧ್ಯಯನವು ಎರಡು ಮದ್ದಿನಿಂದ ಶೇಕಡ 62.4ರಷ್ಟೂ ಬಲವರ್ಧಕವೂ ಸೇರಿದರೆ ಶೇಕಡ 82.9ರಷ್ಟೂ ರಕ್ಷಣೆಯಿತ್ತೆಂದು ತಿಳಿಸಿತು. ಅಂದರೆ ಪೂರ್ತಿ ಹಾಕಿಸಿಕೊಂಡವರಲ್ಲಿಯೂ ಕೆಲವರಿಗೆ ಕಾಯಿಲೆ ಬರುವುದು ಸಹಜವೇ ಆಗಿತ್ತು. ಈ ಅಂಕಿಯು ಕಾಡಂಚಿನ ಮನೆಯ ಜಗಲಿಯವರೆಗೆ ತಲುಪಿತೇ ಎಂಬುದು ಪ್ರಶ್ನೆ. ‘ಲಸಿಕೆ ಹಾಕಿಸಿಕೊಂಡರೆ ಕಾಯಿಲೆ ಬಾರದು’ ಎಂದು ನಂಬಿಸಿದ ಕಡೆ, ಲಸಿಕೆ ಪಡೆದ ಒಬ್ಬನು ಮಲಗಿದರೆ ಇಡೀ ಊರಿನ ವಿಶ್ವಾಸ ಕುಸಿಯುತ್ತದೆ. ‘ನೂರರಲ್ಲಿ ಇಷ್ಟು ಪಾಲು ಕಾಯುತ್ತದೆ, ಉಳಿದುದಕ್ಕೆ ಮೈಗೆ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗಿ’ ಎಂದು ತಿಳಿಸಿದ ಕಡೆ ಕುಸಿಯಲು ಕಾರಣವಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಸಾವುಗಳು ಸಂಭವಿಸಿದವು. ಮುಂದೆ ಸಾಮರ್ಥ್ಯದ ಪರೀಕ್ಷೆಯಲ್ಲಿ ಹಳೆಯ ಲಸಿಕೆ ನಿಲ್ಲಲಾರದೆ 2022ರ ಹೊತ್ತಿಗೆ ಅದರ ಬಳಕೆಯನ್ನೇ ಕೈಬಿಡಲಾಯಿತು. ಹೊಸ ಲಸಿಕೆಗಾಗಿ ಪ್ರಯತ್ನ ಆರಂಭವಾಯಿತು. ಆ ಹೊಸ ಲಸಿಕೆಯು ಬರುವ ದಿನ ಹುಲಿಕಲ್ಲಿನಂತಹ ಊರುಗಳ ಮನೆಬಾಗಿಲಿಗೆ ಹೋಗಿ ಮಾತನಾಡುವವರು ಆರೋಗ್ಯ ಕಾರ್ಯಕರ್ತೆಯರು ಮತ್ತು ಶಾಲೆಯ ಉಪಾಧ್ಯಾಯರು. ಅಲ್ಲಿ ಮೊದಲು ಕೇಳಿಬರುವ ಪ್ರಶ್ನೆ, ಹಿಂದಿನದನ್ನು ನಂಬಿ ಹಾಕಿಸಿಕೊಂಡೆವಲ್ಲ, ಅದೇನಾಯಿತು ಎಂಬುದೇ. ಅದಕ್ಕೆ ಶೇಕಡ 62.4 ಎಂಬ ಅಂಕಿಯಿಂದಲೇ ಉತ್ತರವನ್ನು ಆರಂಭಿಸಬೇಕಾಗುತ್ತದೆ.